ಬಲಗೈಯ ಚಾಕು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ನಮ್ಮ ಮನೆಯವರು ಹೇಳ್ತಾರೆ. ಇರಲಿ ಬಿಡಿ, ತುದಿಯಲ್ಲಿರೋದು ಬೇಗ ಉದುರಿಯೂ ಹೋಗುತ್ತೆ. ನನ್ನ ಗಂಡನದು ಹಾಗಲ್ಲ. ಇವರಿಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತೆ. ಆಮೇಲೆ ನಾನು ಗೋಡೆ, ಪಾತ್ರೆ, ಬಾಗಿಲ ಜೊತೆ ಸಂಸಾರ ಮಾಡಬೇಕು.

ನಾವಿಬ್ಬರೂ ಒಂದೇ ನರ್ಸರಿಯಲ್ಲಿ ಕೆಲಸ ಮಾಡೋರು. ಗಿಡ ಬೆಳೆಸಿ ಮಾರೋ ಜಾಗ, ಹೆಚ್ಚಿನದೆಲ್ಲ ಗುಲಾಬಿ. ನಾನು ಕುಂಡಕ್ಕೆ ಮಣ್ಣು ತುಂಬೋಳು, ಇವರು ಗಿಡ ಸವರೋರು. ಸವರೋದು ಅಂದರೆ ಕಂಡಕಂಡಲ್ಲಿ ಕತ್ತರಿಸೋದಲ್ಲ. ಯಾವ ಕಡ್ಡಿ ಉಳೀಬೇಕು, ಯಾವುದು ಹೋಗಬೇಕು, ಚಿಗುರೊಡೆಯೋ ಕಣ್ಣಿಗಿಂತ ಎಷ್ಟು ಮೇಲೆ ಕೊಯ್ಯಬೇಕು, ಓರೆ ಯಾವ ಕಡೆಗಿರಬೇಕು, ಎಲ್ಲ ಲೆಕ್ಕಾಚಾರ. ಓರೆ ಕಣ್ಣಿನ ಕಡೆಗಾದರೆ ನೀರು ಅಲ್ಲೇ ಇಳಿದು ಕಣ್ಣು ಕೊಳೆತು ಹೋಗುತ್ತೆ.

ಬೇರೆ ಕಡೆ ಸವರೋರೆಲ್ಲ ಕತ್ತರಿ ಹಿಡಿದರೆ ಇವರ ಜೇಬಲ್ಲಿ ಮಾತ್ರ ಚಾಕು. ಮಡಚೋ ಚಾಕು, ಮರದ ಹಿಡಿ, ಗಿಳಿ ಕೊಕ್ಕಿನ ಹಾಗೆ ಒಳಕ್ಕೆ ಬಾಗಿದ ಅಲಗು. ಕಡ್ಡಿಯ ಹಿಂದಕ್ಕೆ ಕೊಕ್ಕೆ ಹಾಕಿ ತಮ್ಮ ಕಡೆಗೆ ಒಂದೇ ಎಳೆತ. "ಕತ್ತರಿ ಜಜ್ಜುತ್ತೆ ಕಣೇ, ಚಾಕು ಕೊಯ್ಯುತ್ತೆ" ಅನ್ನೋರು. ಇವರು ಕೊಯ್ದ ಜಾಗದ ಮೇಲೆ ಬೆರಳಾಡಿಸಿದರೆ ನುಣ್ಣಗೆ ಜಾರೋದು. ನನಗೆ ಒಳಗೊಳಗೇ ಹೆಮ್ಮೆ. ಎದುರಿಗೆ ಹೇಳಿದ್ದಿಲ್ಲ, ಹೇಳಿದರೆ ತಲೆ ಮೇಲೆ ಹತ್ತಿ ಕೂತ್ಕೋತಾರೆ.

ಹೋದ ಚಳಿಗಾಲದಲ್ಲಿ ಇವರಿಗೆ ಲಕ್ವ ಹೊಡೀತು. ಪುಣ್ಯಕ್ಕೆ ಕಾಲು ಬಂತು, ಮಾತು ಬಂತು. ಬಲಗೈ ಬರಲಿಲ್ಲ. ಬೆರಳು ಅರ್ಧ ಮಡಚಿ ಅಲ್ಲೇ ನಿಲ್ಲುತ್ತೆ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, "ಹಿಸುಕ್ತಾ ಇರಿ. ಬರಬಹುದು, ಬರದೆಯೂ ಇರಬಹುದು" ಅಂದರು. ಇವರ ಕಿವಿಗೆ ಬಿದ್ದಿದ್ದು 'ಬರಬಹುದು' ಅನ್ನೋದು ಮಾತ್ರ.

ಓನರಮ್ಮ ಒಳ್ಳೆಯವರು, ಕೆಲಸದಿಂದ ತೆಗೀಲಿಲ್ಲ. ಇವರ ಕೈಗೆ ನೀರಿನ ಪೈಪ್ ಕೊಟ್ಟರು. "ಸವರೋ ಕಾಲ ಬರಲಿ, ನೋಡೋಣ. ನಿಮ್ಮಿಂದ ಆಗಲ್ಲ ಅಂದರೆ ಬೇರೆಯವರನ್ನ ತಗೋಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ" ಅಂದರು. ಅವರ ಮಾತಲ್ಲಿ ತಪ್ಪೇನಿಲ್ಲ. ಆದರೆ ಪೈಪ್ ಹಿಡಿದು ನಿಂತ ಇವರನ್ನ ನನ್ನಿಂದ ನೋಡೋಕಾಗ್ತಿರಲಿಲ್ಲ. ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದವರ ಹಾಗೆ ಕಾಣೋರು.

ಬಿಡುವಿನಲ್ಲಿ ಶೆಡ್ಡಿನ ಹಿಂದೆ ಹೋಗಿ ಎಡಗೈಯಲ್ಲಿ ಚಾಕು ಹಿಡಿದು ನೋಡ್ತಿದ್ದರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ, ಗೊತ್ತಿತ್ತಂತೆ. ಎಳೆದರೆ ಅಲಗು ನೆಟ್ಟಗೆ ಹೋಗದೆ ಕಡ್ಡಿಯೊಳಕ್ಕೆ ನುಗ್ಗೋದು, ಸಿಪ್ಪೆ ಕಿತ್ತುಕೊಂಡು ಬರೋದು. ಒಂದೂ ಸರಿಯಾಗಲಿಲ್ಲ.

"ಥೂ, ಇದೊಂದು ದಂಡದ ಕೈ" ಅಂತ ಒಂದು ದಿನ ನನ್ನೆದುರೇ ಎಡಗೈಗೆ ಬೈದರು.

ನಾನು ಸುಮ್ಮನಿರೋಳಲ್ಲವಲ್ಲ. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ" ಅಂದೆ. ನಗಿಸೋಣ ಅಂತ ಅಂದಿದ್ದು. ನಗಲಿಲ್ಲ.

ಆಮೇಲೆ ನೋಡಿದರೆ ನೆಲ ಡೊಂಕೇ ಆಗಿತ್ತು! ನಮ್ಮ ಬೀದಿಗೆ ಸಾಣೆ ಹಿಡಿಯೋ ಅಜ್ಜ ಬರ್ತಾನೆ, ಸೈಕಲ್ಲಿನ ಮೇಲೇ ಚಕ್ರ ಕೂರಿಸಿಕೊಂಡು. ಇವರು ಸ್ನಾನಕ್ಕೆ ಹೋಗಿದ್ದಾಗ ಚಾಕು ತಗೊಂಡು ಹೋಗಿ ತೋರಿಸಿದೆ. ಮೊಂಡಾಗಿರಬೇಕು ಅಂತ ನನ್ನ ಅಂದಾಜು.

"ಮೊಂಡೇನಿಲ್ಲ. ಯಾರಮ್ಮ ಹಿಡಿಯೋದು?" ಅಂದ.

"ಈಗ ಎಡಗೈಯಲ್ಲಿ ಹಿಡೀತಾರೆ."

"ಅಯ್ಯೋ ತಾಯಿ, ಇದು ಬಲಗೈಯವರ ಚಾಕು!" ಅಂತ ಅಲಗು ತಿರುಗಿಸಿ ತೋರಿಸಿದ. ಒಂದು ಮುಖ ಚಪ್ಪಟೆ, ಇನ್ನೊಂದಕ್ಕೆ ಮಾತ್ರ ಇಳಿಜಾರು. ಬಲಗೈಯಲ್ಲಿ ಹಿಡಿದರೆ ಚಪ್ಪಟೆ ಮುಖ ಗಿಡಕ್ಕೆ ಒರಗಿ ನುಣ್ಣಗೆ ಕೊಯ್ಯುತ್ತೆ. ಎಡಗೈಗೆ ಬದಲಾಯಿಸಿದರೆ ಇಳಿಜಾರು ಗಿಡದ ಕಡೆಗೆ ಬಂದು ಎಲ್ಲ ಎಡವಟ್ಟು. "ಮುಖ ತಿರುಗಿಸಿ ಕೊಡ್ತೀನಿ, ಇಳಿಜಾರು ಈಕಡೆಯಿಂದ ಆಕಡೆಗೆ. ಆದರೆ ಅಲಗು ತುಂಬ ಸವೆದಿದೆ. ಒಂದು ಸಲ ತಿರುಗಿಸಿದರೆ ಆಯ್ತು, ಮತ್ತೆ ಬಲಗೈಗೆ ಬರಲ್ಲ."

ನನಗೆ ಬೀದಿಯಲ್ಲೇ ಕುಣಿಯೋಣ ಅನ್ನಿಸಿತು. ಕೈ ದಂಡವಲ್ಲ, ಚಾಕುವಿನ ತಪ್ಪು! ಕೇಳದೆ ಹಳೇದಕ್ಕೆ ಕೈ ಹಾಕೋದು ಬೇಡ ಅಂತ, ಅಂಗಡಿಯಿಂದ ಹೊಸ ಬಾಗು ಚಾಕು ತಂದು, ಅಜ್ಜನ ಕೈಲಿ ಅದನ್ನೇ ಎಡಗೈಗೆ ತಿರುಗಿಸಿಕೊಂಡು ಬಂದೆ. ಸಂಜೆ ಟೀ ಲೋಟದ ಪಕ್ಕ ಇಟ್ಟು ಎಲ್ಲ ಹೇಳಿದೆ. ಇವರು ಅಲಗು ಬಿಚ್ಚಿ ನೋಡಿದರು, ಮಡಚಿದರು, ಮೇಜಿನ ಮೇಲೆ ನನ್ನ ಕಡೆಗೇ ತಳ್ಳಿದರು.

"ಚೆನ್ನಾಗಿದೆ. ಎಡಗೈಯವರು ಯಾರಿಗಾದರೂ ಕೊಡು."

"ಮತ್ತೆ ನೀವು?"

"ನಾನು ಎಡಗೈಯವನಲ್ಲ. ಕೈ ಬಂದ ಮೇಲೆ ನನ್ನ ಚಾಕು ನನಗೆ ಸಾಕು."

ಅಲ್ಲಿಗೆ ನನ್ನ ಮೂಗಿನ ತುದಿಯ ಕೋಪ ಸಿಡಿಯಿತು. "ಬರಲ್ಲ ರೀ! ಆ ಕೈ ಬರಲ್ಲ. ಸವರೋ ಕಾಲ ಬಾಗಿಲಿಗೆ ಬಂದಿದೆ. ಬರದೇ ಇರೋದನ್ನ ಕಾಯ್ತಾ ಕೂತು, ಇರೋ ಕೈಯನ್ನೂ ಹಾಳು ಮಾಡ್ಕೋತೀರಾ? ಪೈಪ್ ಹಿಡ್ಕೊಂಡೇ ಮುದುಕರಾಗ್ತೀರಾ?"

ಆ ಮಾತನ್ನ ಡಾಕ್ಟರೂ ಆಡಿರಲಿಲ್ಲ. ಇವರು ಚೆಂಡು ತಗೊಂಡು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತರು. ಆವತ್ತಿಂದ ಮಾತು ಬಂದ್.

ಮಾತಿಲ್ಲ ಅಂದರೂ ನನ್ನ ಕೆಲಸ ನಾನು ಬಿಡಲಿಲ್ಲ. ದಿನಾ ಎಣ್ಣೆ ಬೆಚ್ಚಗೆ ಮಾಡಿ ಆ ಬಲಗೈಗೆ ಉಜ್ಜುತ್ತಿದ್ದೆ. ಇವರು ಮುಖ ಆಕಡೆ ಮಾಡಿ ಕೈ ಮಾತ್ರ ಚಾಚೋರು. ನರ್ಸರಿಯಲ್ಲಿ ಓನರಮ್ಮ ಯಾರೋ ಹೊಸಬನ ಜೊತೆ ಮಾತಾಡಿದ್ದು ನನ್ನ ಕಣ್ಣಿಗೂ ಬಿತ್ತು, ಇವರ ಕಣ್ಣಿಗೂ ಬಿತ್ತು.

ಮತ್ತೆ ಸಾಣೆ ಅಜ್ಜನ ಗಂಟೆ ಬೀದಿಯಲ್ಲಿ ಕೇಳಿಸಿತು. ನಾನು ಪಾತ್ರೆ ತೊಳೀತಿದ್ದೆ. ಇವರು ಎದ್ದರು, ಚಪ್ಪಲಿ ಹಾಕ್ಕೊಂಡರು, ಹೊರಟರು. ನಾನು ಒದ್ದೆ ಕೈಯಲ್ಲೇ ಹಿಂದೆ ಓಡಿದೆ. ಹೋಗಿ ನೋಡಿದರೆ ಹಳೇ ಚಾಕು ಅಜ್ಜನ ಕೈಯಲ್ಲಿದೆ.

"ಎಡಗೈಗೆ ತಿರುಗಿಸಪ್ಪ" ಅಂತಿದ್ದಾರೆ.

"ಹೊಸದು ಇದೆಯಲ್ಲ ರೀ" ಅಂದೆ.

"ಅದಿರಲಿ. ಇದು ಜೇಬಲ್ಲಿ ಬಲಗೈಯದಾಗೇ ಇರೋವರೆಗೂ ನಾನು ಆ ಹೊಸದನ್ನ ಮುಟ್ಟಲ್ಲ. ನನ್ನ ಬುದ್ಧಿ ನನಗೆ ಗೊತ್ತು." ಅಷ್ಟು ದಿನಕ್ಕೆ ನನ್ನ ಜೊತೆ ಆಡಿದ ಮೊದಲ ಮಾತು ಅದು.

ಅಜ್ಜ ಪೆಡಲ್ ತುಳಿದ. ಚಕ್ರ ಗುರ್ ಅಂತ ತಿರುಗೋಕೆ ಶುರುವಾಯ್ತು. ಅಲಗು ಇನ್ನೇನು ಕಲ್ಲಿಗೆ ತಾಗಬೇಕು, ನಾನು ಅಜ್ಜನ ಮಣಿಕಟ್ಟು ಹಿಡಿದುಬಿಟ್ಟೆ. "ತಡಿ ತಡಿ! ಬೇಡ. ಇನ್ನೊಂದು ಸ್ವಲ್ಪ ದಿನ ನೋಡೋಣ ರೀ. ಮೊನ್ನೆ ಎಣ್ಣೆ ಹಚ್ಚೋವಾಗ ಕಿರುಬೆರಳು ಅಲ್ಲಾಡಿದ ಹಾಗಾಯ್ತು, ನಿಜವಾಗಲೂ..."

ಬರಲ್ಲ ಅಂತ ಕೂಗಾಡಿದೋಳು ನಾನೇ. ದಿನಾ ಆ ಬೆರಳುಗಳನ್ನ ಒಂದೊಂದೇ ಬಿಡಿಸಿ, ಅಲ್ಲಾಡಿತಾ, ಅಲ್ಲಾಡಿತಾ ಅಂತ ಉಸಿರು ಹಿಡಿದು ನೋಡ್ತಿದ್ದೋಳೂ ನಾನೇ. ಬೀದಿಯಲ್ಲಿ ನಿಂತು ಅತ್ತುಬಿಟ್ಟೆ.

ಇವರು ನನ್ನ ಮುಖವನ್ನೇ ನೋಡಿದರು. "ನೀನೂ ಕಾಯ್ತಾ ಇದ್ಯಾ?" ಅಂತ ಮೆಲ್ಲಗೆ ಕೇಳಿದರು.

"ಹೂಂ" ಅಂದೆ.

ಎಡಗೈ ಚಾಚಿ ಅಜ್ಜನ ಮಣಿಕಟ್ಟಿನಿಂದ ನನ್ನ ಬೆರಳು ಬಿಡಿಸಿದರು. ಒಂದೊಂದೇ, ನಾನು ಅವರದನ್ನ ಬಿಡಿಸೋ ಹಾಗೇ. "ಸಾಕು ಕಣೇ. ಇಬ್ಬರೂ ಕಾದಿದ್ದು ಸಾಕು" ಅಂದರು. ಆಮೇಲೆ ಅಜ್ಜನಿಗೆ ತಲೆಯಾಡಿಸಿದರು, ಅವನು ಮತ್ತೆ ಪೆಡಲ್ ತುಳಿದ.