ಬರಿಗೊರಳಿನ ಭಾನುವಾರ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಯೇಸುಸ್ವಾಮಿಯ ಕಡೆ ಹೋದದ್ದೇ ಆ ಸಿಟ್ಟಿನ ದೆಸೆಯಿಂದ. ಜ್ವರ ಬಿಟ್ಟಿತು, ಮಕ್ಕಳಾದವು, ಗಂಡ ಕುಡಿಯುವುದು ನಿಲ್ಲಿಸಿದ ಎಂದು ಪ್ರಾರ್ಥನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವವರು ಬಹಳ ಮಂದಿ. ನನ್ನ ಸಾಕ್ಷಿ ಒಂದೇ. ಎರಡು ವರ್ಷ ಒಂದೇ ಒಲೆಯ ಮುಂದೆ ಕೂತು ಅಡುಗೆ ಮಾಡುತ್ತಾ ಅತ್ತೆಯ ಜೊತೆ ಮಾತು ಬಿಟ್ಟಿದ್ದವಳು, ಮತ್ತೆ ಮಾತಾಡಿದೆ.

ಮಾತು ಬಿಟ್ಟದ್ದು ಒಂದು ಮೊರದ ಸಲುವಾಗಿ. ಸಂತೆಯಿಂದ ನಾನು ತಂದ ಹೊಸ ಮೊರವನ್ನು ಅತ್ತೆ ಹೊನ್ನೂರಮ್ಮ ನನ್ನನ್ನು ಕೇಳದೆ ಕಂಪ್ಲಿಯಲ್ಲಿರುವ ತನ್ನ ತಮ್ಮ ಸುಂಕಪ್ಪನ ಮನೆಗೆ ಕೊಟ್ಟಳು. ನಾನು ಬಾಯಿಗೆ ಬಂದದ್ದು ಅಂದೆ. ಕೊನೆಗೆ, "ಗಂಡನ್ನ ತಿಂದಾಕಿ, ಮನಿಯಾಗಿನ ಮೊರಾನೂ ತಿಂತಿ" ಅಂದುಬಿಟ್ಟೆ. ನಾನು ಸೊಸೆಯಾಗಿ ಬರುವ ಎಷ್ಟೋ ವರ್ಷ ಮೊದಲೇ ಆಕೆಯ ಗಂಡ ತೀರಿಹೋಗಿದ್ದ. ಆಕೆ ತಿರುಗಿ ಒಂದು ಮಾತೂ ಆಡಲಿಲ್ಲ, ಅಂದಿನಿಂದ ಬಾಯಿ ಹೊಲಿದುಕೊಂಡಳು.

ನಾಟಿ ಹಚ್ಚುವ ನಮ್ಮ ಗುಂಪಿನಲ್ಲಿದ್ದ ಒಬ್ಬಾಕೆ ನನ್ನನ್ನು ಕಂಪ್ಲಿಯ ಪ್ರಾರ್ಥನೆಗೆ ಕರೆದುಕೊಂಡು ಹೋದಳು. ಪಾಸ್ಟರ್ ದೇವದಾನಂ ಅವರು ಅಂದು, ಮನೆಯಲ್ಲಿ ಮುನಿಸು ಇಟ್ಟುಕೊಂಡು ಇಲ್ಲಿ ಕೈ ಮುಗಿಯಬೇಡಿ, ಮೊದಲು ಹೋಗಿ ರಾಜಿಯಾಗಿ ಬನ್ನಿ ಎಂದರು. ನನಗೇ ಹೇಳಿದರು ಅನ್ನಿಸಿತು. ನಮ್ಮೂರು ಮೆಟ್ರಿಗೆ ವಾಪಸು ಬಂದವಳೇ ಅತ್ತೆಯ ಕಾಲು ಹಿಡಿದೆ. ಆಕೆ, "ಏಳು, ಸಾರಿಗೆ ಉಪ್ಪು ಹಾಕಿಲ್ಲ" ಅಂದಳು. ಎರಡು ವರ್ಷದ ಮೇಲೆ ಆಕೆ ನನಗೆ ಆಡಿದ ಮೊದಲ ಮಾತು ಅದು.

ಹಾಗಾಗಿ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಅಂದಾಗ ಯಾರೂ ಅಡ್ಡಿ ಮಾಡಲಿಲ್ಲ. ಗಂಡ ಉಜ್ಜಿನಪ್ಪ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾನೆ. "ಒಂದು ಸಲ ಮುಳುಗಿದ್ರ ನಿನ್ನ ಸಿಟ್ಟು ಹೋಗಂಗಿಲ್ಲ, ಎರಡು ಸಲ ಮುಳುಗಸಾಕ ಹೇಳು" ಎಂದು ಫೋನಿನಲ್ಲಿ ನಕ್ಕ. ಅತ್ತೆ, "ನೀ ಹೋಗು, ನನ್ನ ಕರೀಬ್ಯಾಡ" ಅಂದಳು. ತಾಳಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಕಂಪ್ಲಿಯ ಹೊಳೆಯ ದಂಡೆಯಲ್ಲಿ ನಾವು ಏಳು ಜನ ಬಿಳಿ ಸೀರೆ ಉಟ್ಟು ನಿಂತಿದ್ದೆವು. ಪಾಸ್ಟರಮ್ಮ, "ಆಭರಣ ಎಲ್ಲಾ ತೆಗೆದಿಡ್ರಿ, ಇನ್ನ ಮ್ಯಾಲ ಕರ್ತನ ನಿಮಗ ಆಭರಣ" ಅಂದರು. ನನ್ನ ಮೈಮೇಲೆ ಇದ್ದದ್ದು ಕರಿಮಣಿ ತಾಳಿ, ಕಾಲುಂಗುರ, ಗಾಜಿನ ಬಳೆ ಇಷ್ಟೇ. ಪಕ್ಕದವರ ಕೊರಳು ನೋಡಿದೆ, ಬರಿದಾಗಿದ್ದವು. ನನಗೆ ಯಾವುದನ್ನೂ ಅರ್ಧಂಬರ್ಧ ಮಾಡಿ ಗೊತ್ತಿಲ್ಲ. ಎಲ್ಲ ತೆಗೆದು ಕರವಸ್ತ್ರದಲ್ಲಿ ಕಟ್ಟಿದೆ, ಕುಂಕುಮ ಒರೆಸಿದೆ, ನೀರಿಗಿಳಿದೆ. ಮೇಲೆದ್ದಾಗ ಮೈ ಹಗುರಾಗಿತ್ತು, ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅತ್ತೆಗೆ ಸಂಜೆ ನಿಧಾನವಾಗಿ ತಿಳಿಸಿ ಹೇಳಿದರಾಯಿತು ಅಂದುಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ.

ಆಮೇಲೆ ಏನಾಯಿತು ಎಂಬುದು ನನಗೆ ತಡವಾಗಿ ತಿಳಿಯಿತು. ಬಸ್ ಸ್ಟ್ಯಾಂಡಿನ ಎದುರಿಗೇ ಸುಂಕಪ್ಪ ಮಾವನ ಪಂಕ್ಚರ್ ಅಂಗಡಿ. ಅಕ್ಕನ ಸೊಸೆ ಬಿಳಿ ಸೀರೆಯಲ್ಲಿ, ಒದ್ದೆ ಕೂದಲಲ್ಲಿ, ಬೋಳು ಹಣೆ, ಬರಿಗೊರಳು, ಬರಿಗೈಯಲ್ಲಿ ಅಳುತ್ತಾ ಬಸ್ಸು ಹತ್ತುವುದನ್ನು ಅವನು ನೋಡಿದ. ಕೈಯಲ್ಲಿದ್ದ ಟ್ಯೂಬು ಬಿಟ್ಟು ಓಡಿಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಉಜ್ಜಿನಪ್ಪನಿಗೆ ಫೋನ್ ಹಚ್ಚಿದ. ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂದಿತು. ಗಣಿಯ ಗುಡ್ಡದ ಮೇಲೆ ಸಿಗ್ನಲ್ ಇಲ್ಲ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ನಮ್ಮ ಪಕ್ಕದ ಮನೆಗೆ ಫೋನ್ ಮಾಡಿ ಅತ್ತುಬಿಟ್ಟ.

ನಾನು ಮೆಟ್ರಿಯಲ್ಲಿ ಇಳಿದು ಬಂದರೆ ನಮ್ಮ ಅಂಗಳದ ತುಂಬ ಜನ. ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ನಡುವೆ ಅತ್ತೆ ಚಾಪೆಯ ಮೇಲೆ ಬಿದ್ದಿದ್ದಳು. ಅತ್ತೆ ಹೋದಳು ಎಂದೇ ನಾನು ತಿಳಿದೆ. ಕಾಲು ಹಿಡಿದು ರಾಜಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. "ಅತ್ತೀ" ಎಂದು ಕೂಗಿಕೊಂಡು ಓಡಿದೆ. ನನ್ನ ಅಳು ಕೇಳಿದ್ದೇ ತಡ, ಅನುಮಾನ ಇದ್ದವರಿಗೂ ಖಾತ್ರಿಯಾಯಿತು.

ಪಕ್ಕದ ಮನೆಯ ಎರ್ರಿಯಪ್ಪನ ಹೆಂಡತಿ ನನ್ನನ್ನು ತಬ್ಬಿಕೊಂಡು, "ಉಜ್ಜಿನಪ್ಪ ಹೆಂಗ ಹೋದನವ್ವಾ" ಅಂದಳು.

"ಯಾವಾಗ?" ಅಂದೆ ನಾನು.

ಈಗ ನೆನೆಸಿಕೊಂಡರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಸುದ್ದಿ ಹುಟ್ಟಿದ್ದೇ ನನ್ನ ಕೊರಳಿಂದ, ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳೂ ನಾನೇ. ಸುಂಕಪ್ಪ ಮಾವ ಫೋನ್ ಮಾಡಿದನಂತೆ, ಅತ್ತೆ ಕೇಳಿದವಳೇ ಎಚ್ಚರ ತಪ್ಪಿ ಬಿದ್ದಳಂತೆ ಅಂದರು. ಮಾವನಿಗೆ ಗಣಿಯಿಂದ ಸುದ್ದಿ ಬಂದಿರಬೇಕು ಅಂದುಕೊಂಡೆ. ಗಂಡನಿಗೆ ಫೋನ್ ಹಚ್ಚಿದರೆ ನನಗೂ ವ್ಯಾಪ್ತಿ ಪ್ರದೇಶದ ಹೊರಗೆ ಅಂದಿತು. ಬೆಳಿಗ್ಗೆ ಒಂಬತ್ತಕ್ಕೆ ನಾನು ತಾಳಿ ತೆಗೆದೆ, ಆ ಹೊತ್ತಿಗೇ ಅವನು ಹೋದನೇ ಎಂಬ ಒಂದೇ ಯೋಚನೆ ತಲೆಯಲ್ಲಿ ಗಾಣದ ಎತ್ತಿನಂತೆ ಸುತ್ತಿತು. ದೇವರ ಮಾತು ಕೇಳಿದ್ದಕ್ಕೆ ದೇವರೇ ಹೀಗೆ ಮಾಡುತ್ತಾನೆಯೇ? ಅಥವಾ ಕೇಳಬಾರದ ಮಾತು ಕೇಳಿದೆನೇ? ತಾಳಿಗೂ ಜೀವಕ್ಕೂ ಸಂಬಂಧವಿಲ್ಲ ಎಂದು ನಂಬಿ ನೀರಿಗಿಳಿದವಳು ನಾನು. ಮೂರು ತಾಸಿನಲ್ಲಿ ಆ ನಂಬಿಕೆ ಎಲ್ಲಿ ಹೋಯಿತೋ.

ಮಧ್ಯಾಹ್ನ ಮೂರೂವರೆಗೆ ಅವನೇ ಫೋನ್ ಮಾಡಿದ. "ಏನಬೇ, ಇಪ್ಪತ್ತೇಳು ಮಿಸ್ಡ್ ಕಾಲ್ ಅದಾವ, ಈಗ ಗುಡ್ಡ ಇಳಿದೀನಿ" ಅಂದ. ಅತ್ತೆ ಫೋನ್ ಕಿತ್ತುಕೊಂಡು ಕಿವಿಗೆ ಒತ್ತಿ ಹಿಡಿದಳು.

"ಉಂಡ್ಯಾ?" ಅಂದಳು. ಮತ್ತೇನೂ ಕೇಳಲಿಲ್ಲ.

ಅಷ್ಟರಲ್ಲಿ ಸುಂಕಪ್ಪ ಮಾವ ಹೂವಿನ ಹಾರ ಹಿಡಿದು ಆಟೋದಿಂದ ಇಳಿದ. ವಿಷಯ ತಿಳಿದು ಕಟ್ಟೆಯ ಮೇಲೆ ಕುಸಿದು ಕೂತ. ಹಾರವನ್ನು ಎಮ್ಮೆ ತಿಂದಿತು. ಸುಧಾರಿಸಿಕೊಂಡ ಮೇಲೆ ಅವನು ನನ್ನನ್ನು ನೇರ ಕೇಳಿದ. "ಗಂಡ ಗುಂಡಕಲ್ಲಿನಂಗ ಅದಾನ. ಹಂಗಿದ್ದಾಗ ತಾಳಿ ತೆಗಿ ಅಂತ ಯಾವ ದೇವರು ಹೇಳ್ತಾನವ್ವಾ?" ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಇದಕ್ಕೆ ಉತ್ತರ ನನ್ನ ಬಳಿ ಇತ್ತು.

ಅತ್ತೆ ಬೈದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ಅಂದು ಹಗುರಾಗುತ್ತಿದ್ದೆ. ಆಕೆ ಬೈಯಲಿಲ್ಲ. ನನ್ನ ಕೊರಳು ಕಣ್ಣಿಗೆ ಬಿದ್ದಾಗಲೆಲ್ಲ, "ಅವನಿಗೆ ಫೋನ್ ಹಚ್ಚು" ಅನ್ನುತ್ತಿದ್ದಳು. ಸಿಗದಿದ್ದರೆ ತುತ್ತು ಬಾಯಿಗೆ ಇಡುತ್ತಿರಲಿಲ್ಲ. ಸೆರಗು ಹೊದ್ದು ಕೊರಳು ಮುಚ್ಚಿಕೊಂಡೆ. "ಮುಚ್ಚಬ್ಯಾಡ, ಮುಚ್ಚಿದ್ರ ಇನ್ನೂ ಹೆದರಿಕಿ ಆಗ್ತೈತಿ" ಅಂದಳು. ನಾಲ್ಕು ದಿನಕ್ಕೆ ಆಕೆಯ ಮುಖ ಇಳಿದುಹೋಯಿತು. "ರೇಣುಕಾ, ನಿನ್ನ ದೇವರಿಗೆ ನಾ ಅಡ್ಡ ಬಂದಿಲ್ಲ. ನನ್ನ ಕಣ್ಣಿಗೆ ಕಾಣೋ ಹಂಗ ಅದೊಂದು ಹಾಕ್ಕೋ" ಎಂದು ಗುರುವಾರ ಬೆಳಿಗ್ಗೆ ಕೈ ಹಿಡಿದು ಕೇಳಿದಳು.

ಅತ್ತ ದರಿ ಇತ್ತ ಪುಲಿ. ಕಂಪ್ಲಿಯ ಬಸ್ಸು ಹತ್ತಿ ಪಾಸ್ಟರ ಮನೆಗೆ ಹೋಗಿ ಅತ್ತೆಯ ಪಾಡನ್ನೆಲ್ಲ ಹೇಳಿದೆ.

"ಅಯ್ಯನೋರೆ, ತಾಳಿ ತೆಗಿ ಅಂತ ಎಲ್ಲಿ ಬರದೈತಿ, ಆ ಸಾಲು ತೋರಸ್ರಿ" ಅಂದೆ.

ಅವರು ಕನ್ನಡಕ ಹಾಕಿಕೊಂಡು ಹಾಳೆ ತಿರುವಿದರು. "ಬಂಗಾರದ ಸಿಂಗಾರ ಬ್ಯಾಡ ಅಂತ ಐತಿ. ತಾಳಿ ಅಂತ ಹೆಸರು ಹಿಡಿದು ಇಲ್ಲ. ನಮಗ ಹಿರಿಯರು ಹಿಂಗ ಕಲಿಸ್ಯಾರ. ಬ್ಯಾರೆ ಸಭೆಗಳಾಗ ಶಿಲುಬೆ ಹಾಕಿಸಿದ ತಾಳಿ ಕಟ್ಟಿಕೊಳ್ಳೋರೂ ಅದಾರ" ಅಂದರು.

"ತಾಯಿನ ಗೌರವಿಸು ಅನ್ನೋದು ಹೆಸರು ಹಿಡಿದು ಐತೋ ಇಲ್ಲೋ?"

"ಐತಿ."

"ಅತ್ತಿ ತಾಯಿ ಹೌದೋ ಅಲ್ಲೋ?"

ಪಾಸ್ಟರು ಪುಸ್ತಕ ಮುಚ್ಚಿದರು. "ರೇಣುಕಮ್ಮ, ಹಾಕ್ಕೋ ಅನ್ನಾಕ ನನಗ ಧೈರ್ಯ ಇಲ್ಲ. ಹಾಕ್ಕಬ್ಯಾಡ ಅನ್ನಾಕ ಹೋದ್ರ ನಿಮ್ಮ ಅತ್ತಿ ಮಾರಿ ಅಡ್ಡ ಬರ್ತೈತಿ. ನನಗೂ ತಿಳೀವಲ್ದು. ಪ್ರಾರ್ಥನೆ ಮಾಡೋಣ ಬರ್ರಿ" ಅಂದರು.

ಸಿಟ್ಟು ಬಂತು. ನಾನು ಅಪ್ಪಣೆ ಕೇಳಲು ಹೋಗಿದ್ದೆ. ಒಂದು ಮಾತು ಅಂದಿದ್ದರೆ ಕಣ್ಣು ಮುಚ್ಚಿ ಮಾಡುತ್ತಿದ್ದೆ, ಪಾಪವಾದರೆ ಅವರ ತಲೆಗಿರುತ್ತಿತ್ತು. ಆದರೂ ತಿಳಿಯದು ಎಂದು ಒಪ್ಪಿಕೊಂಡು ನನ್ನ ಪಕ್ಕದಲ್ಲಿ ಮೊಣಕಾಲೂರಿದ ಆ ಮನುಷ್ಯನ ಮೇಲೆ ನನಗೆ ಅಂದೇ ನಿಜವಾದ ಗೌರವ ಹುಟ್ಟಿತು. ಬಸ್ಸಿನಲ್ಲಿ ಕೂತು ದೇವರನ್ನೇ ಕೇಳಿದೆ. ನಿನ್ನ ಮಾತು ಕೇಳಬೇಕು ಅಂತ ಇದ್ದೀನಿ, ಯಾವುದು ನಿನ್ನ ಮಾತು ಅಷ್ಟು ಹೇಳು. ಉತ್ತರಕ್ಕಿಂತ ಮೊದಲು ಮೆಟ್ರಿ ಬಂತು.

ಅತ್ತೆ ಹೊಸ್ತಿಲ ಹತ್ತಿರ ಅಕ್ಕಿ ಆರಿಸುತ್ತಿದ್ದಳು. ಕರವಸ್ತ್ರದ ಗಂಟನ್ನು ಆಕೆಯ ಮುಂದಿಟ್ಟೆ.

"ಹಾಕ್ಕಂತೀನಿ" ಅಂದೆ.

ಆಕೆಯ ಮುಖ ಅರಳಿತು.

"ಆದ್ರ ನೀನ ಕಟ್ಟಬೇಕು."

ಇದನ್ನು ನಾನು ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಅತ್ತೆ ಬೆಂಕಿ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು. "ಹುಚ್ಚಿ ಏನು ನೀನು? ಗಂಡ ಇಲ್ಲದಾಕಿ ಕೈ ಅದನ್ನ ಮುಟ್ಟಬಾರದು" ಅಂದಳು. ನನ್ನ ಮದುವೆಯ ದಿನ, ಇದೇ ತಾಳಿಯನ್ನು ತನ್ನ ಮಗ ನನಗೆ ಕಟ್ಟುವಾಗ, ಆಕೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಹೆತ್ತ ಮಗನ ಮೇಲೆ ನಾಲ್ಕು ಕಾಳು ಅಕ್ಷತೆ ಹಾಕಲಿಲ್ಲ. ಆಗ ಅದು ನನಗೆ ಸರಿ ಅನ್ನಿಸಿತ್ತು.

"ನನ್ನ ದೇವರ ಹತ್ತಿರ ಅಂಥ ಕೈ ಅಂತ ಇಲ್ಲ, ಅತ್ತಿ" ಅಂದೆ. ಆ ವಾರದಲ್ಲಿ ನನಗೆ ಅನುಮಾನವಿಲ್ಲದೆ ತಿಳಿದಿದ್ದ ಮಾತು ಅದೊಂದೇ.

"ನನ್ನ ಮಗನಿಗೆ ಏನರ ಆದ್ರ?"

"ನಾ ತೆಗೆದಾಗ ಏನಾತು? ಗುಡ್ಡ ಇಳಿದು ಬಂದು ಫೋನ್ ಮಾಡಿದ."

ನಾನು ಆಕೆಯ ಮುಂದೆ ಬೆನ್ನು ಕೊಟ್ಟು ಕೂತೆ. "ಗಂಡನ್ನ ತಿಂದಾಕಿ ಅಂತ ಅಂದಿದ್ದು ಇದ ಬಾಯಿ. ಈಗ ಕಟ್ಟು ಅಂತ ಅನ್ನೋದೂ ಇದ ಬಾಯಿ. ನೀ ಕಟ್ಟದಿದ್ರ ನಾ ಹಿಂಗ ಇರ್ತೀನಿ" ಅಂದೆ. ಗದರಿಸಿದ ಹಾಗೆಯೇ ಹೇಳಿದೆ. ನನಗೆ ಬೇರೆ ರೀತಿ ಬರುವುದಿಲ್ಲ.

ಅತ್ತೆ ಎದ್ದು ಹೋಗಿ ಕೈ ತೊಳೆದಳು. ಬಂದವಳು ಮತ್ತೆ ಹೋಗಿ ಸೋಪು ಹಚ್ಚಿ ತೊಳೆದಳು. ಮೂರನೆಯ ಸಲ ತೊಳೆದು ಬಂದು ನನ್ನ ಹಿಂದೆ ಕೂತಳು. ಗಂಟು ಎರಡು ಸಲ ಜಾರಿತು. ಕಟ್ಟಿ ಮುಗಿಸಿದ್ದೇ, "ಜಲ್ದಿ ಫೋನ್ ಹಚ್ಚು" ಅಂದಳು.

ವ್ಯಾಪ್ತಿ ಪ್ರದೇಶದ ಹೊರಗೆ.

ಎರಡು ತಾಸು ನಾವಿಬ್ಬರೂ ಹೊಸ್ತಿಲ ಮೇಲೆ ಕೂತೆವು. ಆಕೆ ನನ್ನ ಸೆರಗಿನ ತುದಿ ಬಿಡಲಿಲ್ಲ. ಆಕೆ ತನ್ನ ದೇವರನ್ನು ನೆನೆಯುತ್ತಿದ್ದಳು, ನಾನು ನನ್ನವನನ್ನು. ನಾನು ನಂಬಿದವನು ಯಾವ ತಾಳಿಯನ್ನೂ ನೋಡಿ ಜೀವ ತೆಗೆಯುವವನಲ್ಲ ಎಂದು ಹೇಳಿಕೊಳ್ಳುತ್ತಲೇ ಇದ್ದೆ, ಮತ್ತೆ ಮತ್ತೆ ಫೋನ್ ಹಚ್ಚುತ್ತಲೂ ಇದ್ದೆ. ಆರೂವರೆಗೆ ಫೋನ್ ಬಂತು. ಅತ್ತೆ, "ಉಂಡ್ಯಾ?" ಅಂದಳು. ಸಂಜೆ ಆರೂವರೆಗೆ ಯಾರು ಊಟ ಮಾಡುತ್ತಾರೆ ಎಂದು ಅವನು ನಕ್ಕದ್ದು ನನಗೂ ಕೇಳಿಸಿತು.

ನಾನು ಆಜ್ಞೆ ಪಾಲಿಸಿದೆನೋ ಮುರಿದೆನೋ ನನಗೆ ಇನ್ನೂ ಗೊತ್ತಿಲ್ಲ. ಬರುವ ಭಾನುವಾರ ಈ ಕೊರಳಿನಲ್ಲೇ ಪ್ರಾರ್ಥನೆಗೆ ಹೋಗಬೇಕು. ಪಾಸ್ಟರಮ್ಮ ಏನಂತಾರೋ, ಜೊತೆಗೆ ಮುಳುಗಿದ ಆರು ಜನ ಏನಂತಾರೋ. ಕೇಳಿದರೆ ಏನು ಹೇಳಬೇಕೆಂದು ಯೋಚಿಸುತ್ತಾ ಇಂದು ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಹಿಂದೆ ಹಿಟ್ಟು ನಾದುತ್ತಿದ್ದ ಅತ್ತೆ, "ಗಂಟು ಮುಂದ ಬಂದೈತಿ ನೋಡು" ಅಂದಳು. ನಾನು ತಿರುಗುವ ಮೊದಲೇ ಅದನ್ನು ಎಳೆದು ಹಿಂದಕ್ಕೆ ಸರಿಮಾಡಿದಳು. ಕೈ ತೊಳೆದಿರಲಿಲ್ಲ, ಬೆರಳಿಗೆ ಮೆತ್ತಿದ್ದ ಜೋಳದ ಹಿಟ್ಟು ನನ್ನ ಕತ್ತಿಗೆ ಅಂಟಿತು.