ಹೆಗಲಿಗೆ ಸರದಿ

ಟ್ಯಾಕ್ಸಿ ಇಳಿದವನೇ ಸದಾನಂದ ತನ್ನ ನಾಲ್ಕು ಆಳುಗಳನ್ನು ಎತ್ತರ ನೋಡಿ ಜೋಡಿ ಮಾಡತೊಡಗಿದ. ದೋಸೆ ಹುಯ್ಯುವ ಹರಿದಾಸನೂ ಸಪ್ಲೈಯರ್ ಬಾಬುವೂ ಮುಂದೆ, ಉಳಿದಿಬ್ಬರು ಹಿಂದೆ. ಗಂಡನಿಲ್ಲದ, ಮಕ್ಕಳಿಲ್ಲದ, ಮನೆ ಬಿಟ್ಟು ಹೋದ ತಂಗಿಯ ಹೆಣ ಹೊರಲು ಈ ಮದರಾಸಿನಲ್ಲಿ ಯಾರಿದ್ದಾರೆ? ಅದೊಂದನ್ನಾದರೂ ಅಣ್ಣನಾಗಿ ಮಾಡಿಬಿಡಬೇಕು ಎಂದು ಅವನು ಎಗ್ಮೋರಿನ ಹೋಟೆಲಿಗೆ ಬೀಗ ಜಡಿದು ಬಂದಿದ್ದ.

“ಧಣಿಗಳೇ, ಅಲ್ಲಿ ನೋಡಿ ಒಮ್ಮೆ,” ಎಂದ ಬಾಬು.

ಕ್ರೈಸ್ತ ಸಿಸ್ಟರುಗಳು ನಡೆಸುವ ದಿಕ್ಕಿಲ್ಲದವರ ಮನೆಯ ಗೇಟಿನಿಂದ ಬೀದಿಯ ತಿರುವಿನವರೆಗೂ ಜನ. ರಿಕ್ಷಾ ಎಳೆಯುವವರು, ಮೀನು ಮಾರುವ ಹೆಂಗಸರು, ಕಾಲಿಗೆ ಬಟ್ಟೆ ಸುತ್ತಿಕೊಂಡ ಕುಷ್ಠರೋಗಿಗಳು.

“ಇವತ್ತು ಇಲ್ಲಿ ಊಟ ಹಾಕ್ತಾರಾ ಹೇಗೆ?” ಸದಾನಂದನಿಗೆ ಹೋಟೆಲಿನ ಬುದ್ಧಿ ಎಲ್ಲಿ ಹೋಗಬೇಕು! “ಹಿಂದಿನಿಂದ ಬಾಗಿಲು ಉಂಟಾ ನೋಡು ಮಾರಾಯ.”

*

ಐವತ್ತರ ಇಸವಿಯಲ್ಲಿ, ಉಳಿದ ಇಡ್ಲಿ ದಂಡವಾಗಬಾರದೆಂದು ತಂಗಿ ಸರಸಳನ್ನು ಈ ಮನೆಗೆ ಕಳಿಸಿದವರು ಅಪ್ಪನೇ. ಇಡ್ಲಿ ಕೊಟ್ಟು ಬರಬೇಕಾದವಳು ರೋಗಿಗಳ ಹುಣ್ಣು ತೊಳೆದು ಬರತೊಡಗಿದಳು. ಆಮೇಲೊಂದು ದಿನ, ನಾನೂ ಸಿಸ್ಟರ್ ಆಗುತ್ತೇನೆ ಎಂದಳು. ಮನೆಯಲ್ಲಿ ರಂಪವೋ ರಂಪ. ತಮಾಷೆಯೆಂದರೆ ಸಿಸ್ಟರುಗಳ ಮುಖ್ಯಸ್ಥೆ ಮದರ್ ಕೂಡ ಒಪ್ಪಲಿಲ್ಲ. “ಮರುಕ ಬೇರೆ, ದೇವರ ಕರೆ ಬೇರೆ. ಒಂದು ವರ್ಷ ಬಿಟ್ಟು ಬಾ,” ಎಂದು ವಾಪಸು ಕಳಿಸಿದರು. ವರ್ಷ ಬಿಟ್ಟು ಹೋದರೆ ಮತ್ತೆ ಅದೇ ಮಾತು. ಹೀಗೆ ಮೂರು ಸಲ.

“ಅವರಿಗೇ ಬೇಡದ್ದು ನಿನಗೆ ಎಂತಕ್ಕೆ ಮಾರಾಯ್ತಿ?” ಸದಾನಂದ ರೇಗಿದ್ದ. “ಮದುವೆಯಾಗಿ ದಾನಧರ್ಮ ಮಾಡಲಿಕ್ಕೆ ಆಗುವುದಿಲ್ಲವಾ?”

“ಅದನ್ನೇ ನಾನೂ ಮೂರು ವರ್ಷದಿಂದ ಕೇಳಿಕೊಂಡದ್ದು ಅಣ್ಣ,” ಸರಸ ಅಕ್ಕಿ ತೊಳೆಯುತ್ತಲೇ ಹೇಳಿದ್ದಳು. “ಮೊದಲು ಪಾಪ ಅನಿಸಿ ಹೋಗ್ತಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಆ ಮುದುಕಿಯರು ಬೈತಾರೆ, ಮೈಮೇಲೆ ಉಗೀತಾರೆ, ನನಗೂ ಸಿಟ್ಟು ಬರ್ತದೆ. ಆದರೂ ಬೆಳಿಗ್ಗೆ ಎದ್ದರೆ ಕಾಲು ಅಲ್ಲಿಗೇ ಹೋಗ್ತದೆ. ಯೇಸು ಕರೀತಾನೆ ಅಂದರೆ ನೀನು ನಗ್ತಿ. ನಗು. ಕರೆಯುವುದು ಮಾತ್ರ ನಿಜ.”

ಅವನು ನಗಲಿಲ್ಲ, ಬೈದ. ನಾಲ್ಕನೆಯ ಸಲ ಮದರ್ ಅವಳನ್ನು ಸೇರಿಸಿಕೊಂಡರು. ಅಪ್ಪ ಬದುಕಿದ್ದ ಮಗಳ ಹೆಸರಿಗೆ ಎಳ್ಳುನೀರು ಬಿಟ್ಟು, ಹದಿಮೂರನೆಯ ದಿನ ನೆಂಟರಿಗೆ ಊಟ ಹಾಕಿಸಿದರು. ಪಾಯಸ ಬಡಿಸಿದವನು ಸದಾನಂದನೇ. ಅಂದಿನಿಂದ ಹದಿನಾಲ್ಕು ವರ್ಷ, ಯಾರು ಕೇಳಿದರೂ, “ತಂಗಿಯಾ? ಇಲ್ಲ, ನಾನೊಬ್ಬನೇ,” ಎಂದಿದ್ದ. ಹೋಟೆಲಿನಿಂದ ಈ ಮನೆಗೆ ಬರೀ ಒಂದೂವರೆ ಮೈಲಿ.

*

“ಸರಸನ ಅಣ್ಣ ಅಲ್ಲವಾ? ಅದೇ ಮೂಗು,” ಎಂದರು ಮದರ್. ಮಂಗಳೂರು ಕಡೆಯವರು, ಈಗ ಕೋಲು ಹಿಡಿದಿದ್ದರು. “ಟೈಫಾಯ್ಡ್ ಇದ್ದರೂ ವಾರ್ಡು ಬಿಡಲಿಲ್ಲ ನೋಡಿ ಅವಳು.”

ಸದಾನಂದ ತನ್ನ ಆಳುಗಳತ್ತ ಕೈ ತೋರಿಸಿದ. “ಹೊರಲಿಕ್ಕೆ ಜನ ತಂದಿದ್ದೇನೆ ಮದರ್. ಇಲ್ಲಿ ಯಾರೂ ಇರಲಿಕ್ಕಿಲ್ಲ ಅಂತ…”

ಮದರ್ ಆ ನಾಲ್ವರನ್ನು ನೋಡಿದರು, ತುಂಬಿದ ಬೀದಿಯನ್ನು ನೋಡಿದರು. ಕಣ್ಣೀರಿನ ನಡುವೆಯೇ ನಕ್ಕುಬಿಟ್ಟರು. “ನಾನು ತರಿಸಿದ ವ್ಯಾನನ್ನೇ ಇವರು ವಾಪಸು ಅಟ್ಟಿದರು. ಜಾಗ ಸಿಕ್ಕಿದರೆ ಹೊರಿ!”

ಎಲ್ಲಿಯ ಜಾಗ! ಪೆಟ್ಟಿಗೆ ಗೇಟು ದಾಟಿದ್ದೇ ತಡ, “ಸಿಸ್ಟರಮ್ಮಾ” ಎಂದು ಬೀದಿಗೆ ಬೀದಿಯೇ ಮುಗಿಬಿತ್ತು. ಸದಾನಂದ ಮೊಣಕೈಯಲ್ಲಿ ತಿವಿದು ನುಗ್ಗಿದ. ಚಪ್ಪಲಿ ಎಲ್ಲೋ ಹೋಯಿತು. ದಪ್ಪ ಮೀಸೆಯ ರಿಕ್ಷಾದವನೊಬ್ಬ ಅಡ್ಡ ಕೈ ಹಾಕಿದ.

“ಬಿಡಪ್ಪ, ನಾನು ಅವಳ ಅಣ್ಣ!”

“ಇಲ್ಲಿರೋರೆಲ್ಲಾ ಅಣ್ಣಂದಿರೇ ಸಾರ್,” ಎಂದ ಅವನು ತಮಿಳಿನಲ್ಲಿ. “ಒಬ್ಬೊಬ್ಬರಿಗೆ ಇಪ್ಪತ್ತು ಹೆಜ್ಜೆ. ಲೈನಿಗೆ ಹೋಗಿ.”

ಸಾವಿರಾರು ಜನಕ್ಕೆ ಎಲೆ ಹಾಕಿಸಿದ ಧಣಿ ತೆಪ್ಪಗೆ ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಮುಂದೆ ಬೆರಳಿಲ್ಲದ ಹೆಂಗಸೊಬ್ಬಳು. ಅವಳ ಸರದಿ ಬಂದಾಗ ಮಣಿಕಟ್ಟನ್ನೇ ಪೆಟ್ಟಿಗೆಯ ಅಡಿಗೆ ಕೊಟ್ಟು, ಬಿಡದೆ ಇಪ್ಪತ್ತು ಹೆಜ್ಜೆ ನಡೆದಳು. ಸದಾನಂದ ಮುಖ ಮುಚ್ಚಿಕೊಳ್ಳದೆ ಗೊಳೋ ಎಂದು ಅತ್ತ.

ಅವನ ಹೆಗಲಿಗೆ ಪೆಟ್ಟಿಗೆ ಬಂದದ್ದು ಹೈರೋಡಿನಲ್ಲಿ. ಪೋಲೀಸಿನವನು ಎರಡೂ ಕಡೆಯ ಬಸ್ಸುಗಳನ್ನು ತಡೆದು ನಿಲ್ಲಿಸಿದ್ದ.

“ಯಾರು ಸಾರ್? ಮಂತ್ರಿಗಳಾ?”

“ನನ್ನ ತಂಗಿ,” ಎಂದ ಸದಾನಂದ. ಸಾಲದೆನಿಸಿತು. ಬಸ್ಸಿನವರಿಗೆಲ್ಲ ಕೇಳುವಂತೆ ಕೂಗಿದ, “ನನ್ನ ತಂಗಿ ಸರಸ!”

ಪೋಲೀಸಿನವನು ಸೆಲ್ಯೂಟ್ ಹೊಡೆದ.

“ಇಪ್ಪತ್ತಾಯ್ತು ಸಾರ್,” ರಿಕ್ಷಾದವನು ಹೆಗಲು ಮುಟ್ಟಿದ. ಸದಾನಂದ ಪೆಟ್ಟಿಗೆಯನ್ನು ಹಿಂದಿನವನ ಹೆಗಲಿಗೆ ಜೋಪಾನವಾಗಿ ದಾಟಿಸಿ, ಪಂಚೆ ಎತ್ತಿ ಕಟ್ಟಿ, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ, ನಿಂತ ಬಸ್ಸುಗಳ ಪಕ್ಕದಲ್ಲೇ ಸಾಲಿನ ಕೊನೆಗೆ ಓಡಿದ.