ಜಕ್ಕಪ್ಪನ ಕೊರಳ ಗೆರೆ

ಹೊಳೆವ್ವ ಚಹಾದ ತಂಬಿಗೆ ಹಿಡಿದು ವಾರ್ಡಿಗೆ ಮರಳುವುದರೊಳಗೆ ಅಪ್ಪ ಕೆಲಸ ಕೆಡಿಸಿ ಕೂತಿದ್ದ. ಅವನ ಕೊರಳ ಎರಡೂ ಬದಿಗೆ ಡಾಕ್ಟರು ನೇರಳೆ ಶಾಯಿಯಲ್ಲಿ ಎಳೆದಿದ್ದ ಗೆರೆ ಮಾಯವಾಗಿತ್ತು. ಒದ್ದೆ ಟವೆಲ್ಲು ತೊಡೆಯ ಮೇಲಿತ್ತು. ಕೊರಳು ಕೆಂಪಾಗಿ, ಒಂದೆರಡು ಕಡೆ ಚರ್ಮ ಸುಲಿದೇ ಹೋಗಿತ್ತು.

ಆ ಗೆರೆಯೆಂದರೆ ಸುಮ್ಮನೆ ಗೆರೆಯಲ್ಲ. ಗಂಟಲ ಕ್ಯಾನ್ಸರಿಗೆ ದಿನಾ ಕರೆಂಟು, ಅಂದರೆ ವಿಕಿರಣ, ಕೊಡುತ್ತಾರಲ್ಲ, ಆ ಮಷೀನು ಎಲ್ಲಿಗೆ ಗುರಿಯಿಡಬೇಕೆಂದು ತೋರಿಸುವುದೇ ಅದು. ನೀರು ಸೋಕಿಸಬೇಡಿ, ಎಣ್ಣೆ ಹಚ್ಚಬೇಡಿ ಎಂದು ಮೊದಲ ದಿನವೇ ಹೇಳಿದ್ದರು. ಹೊಳೆವ್ವ ಅದನ್ನು ಜೀವದಂತೆ ಕಾಯ್ದಿದ್ದಳು. ದೇವರ ಭಂಡಾರವೆಂದು ಅರಿಶಿನಪುಡಿ ಹಚ್ಚಲು ಬಂದ ಸೋದರತ್ತೆಯನ್ನೇ ಬಾಗಿಲಲ್ಲಿ ತಡೆದು, ಹೊಟ್ಟೆ ತುಂಬ ಬೈಸಿಕೊಂಡಿದ್ದಳು. ಇನ್ನೊಂದು ವಾರ ಕಳೆದಿದ್ದರೆ ಎಲ್ಲ ಮುಗಿದೇ ಹೋಗುತ್ತಿತ್ತು.

ಅದು ಎಂಬತ್ತೆಂಟರ ಬೇಸಿಗೆ. ಕೊಕಟನೂರಿನ ಕುರಿಗಾರ ಜಕ್ಕಪ್ಪನನ್ನು ಮಿರಜದ ದವಾಖಾನೆಗೆ ತಂದು ಹಾಕಿ ತಿಂಗಳ ಮೇಲಾಗಿತ್ತು. ಮಗ ಲಗಮಪ್ಪ ಹಿಂಡಿನೊಂದಿಗೆ ಕೃಷ್ಣೆಯ ದಂಡೆಗೆ ಹೋಗಿದ್ದ. ಅಪ್ಪನಿಗಿಂತ ಕುರಿ ದೊಡ್ಡವೇ ಎಂದು ಕೇಳಬೇಡಿ. ಅಷ್ಟು ಬಾಯಿಲ್ಲದ ಜೀವಗಳನ್ನು ಅವನು ಯಾರ ಕೈಗೆ ಒಪ್ಪಿಸಿ ಬರಬೇಕು? ಹಾಗಾಗಿ ಬೇಡಕಿಹಾಳದಲ್ಲಿ ಗಂಡ, ಮಕ್ಕಳು, ಆಗಷ್ಟೇ ಈದ ಎಮ್ಮೆ ಎಲ್ಲ ಬಿಟ್ಟು ಮಗಳು ಬಂದಳು. ಬಂದಾಗಿನಿಂದ ಅವಳ ಬೆನ್ನು ನೆಲಕ್ಕೆ ಹತ್ತಿರಲಿಲ್ಲ. ಅಪ್ಪ ಕೆಮ್ಮಿದರೆ ಏಳಬೇಕು, ಕಫದ ಡಬ್ಬಿ ಹಿಡಿಯಬೇಕು, ಚಮಚೆ ಚಮಚೆಯಾಗಿ ಗಂಜಿ ಇಳಿಸಬೇಕು. ಮೊನ್ನೆಯಂತೂ ನಳದ ಕೆಳಗೆ ಪಾತ್ರೆ ಹಿಡಿದು ನಿಂತಲ್ಲೇ ನಿದ್ದೆ ಹೋಗಿ, ನೀರು ವಾರ್ಡಿನೊಳಗೆಲ್ಲ ಹರಿದು, ಆಯಾಳಿಂದ ಮಂಗಳಾರತಿ ಮಾಡಿಸಿಕೊಂಡಳು.

"ಏನ ಮಾಡಿಕೊಂಡಿ ಯಪ್ಪಾ ಇದು?" ತಂಬಿಗೆ ಕುಕ್ಕಿದಳು. "ಮನಿಗೆ ಓಡಬೇಕಂತ ಮಾಡಿದಿ, ಹೌದಿಲ್ಲೊ? ನಾ ಇಲ್ಲಿ ಸಾಯಾಕತ್ತೇನಿ, ನಿನಗ ಹುಡುಗಾಟ ಆಗೇತಿ."

ಪಕ್ಕದ ಮಂಚದವರು ಆಚೆ ಮುಖ ತಿರುಗಿಸಿದರು. ಆಡಿದ ಮಾತು ಅವಳಿಗೇ ಚುಚ್ಚಿತು.

ಕರೆಂಟಿಗೆ ಗಂಟಲು ಸುಟ್ಟು ಜಕ್ಕಪ್ಪನ ದನಿ ಬರೀ ಉಸಿರಾಗಿತ್ತು. ಹೊಳೆವ್ವ ಅವನ ಬಾಯಿಯ ಹತ್ತಿರ ಕಿವಿ ಒಯ್ದಳು.

"ಸಂತ್ಯಾಗ ಕಸಾಯಿ ತಾ ಆರಿಸಿದ ಕುರಿಗೆ ಬಣ್ಣ ಹಚ್ಚತಾನ," ಎಂದ. "ಆ ಬಣ್ಣ ತಿಕ್ಕಿ ತಗದ್ರ ಅದು ತಿರಗಿ ಹಿಂಡಿನಾಗ ಕೂಡತೈತಿ. ನನ್ನೂ ಹಂಗ ಬಿಟ್ಟ ಕಳಸತಾರ ಅಂತ ತಿಳದ್ನಿ."

"ಬಿಟ್ರ ಸಾಯ್ತಿ."

"ನಂದ ಹೆಂಗಾದ್ರೂ ಆಗಲಿ ಯವ್ವಾ. ನೀ ನಳದ ಮುಂದ ನಿಂತ ಮಲಗಿದ್ದ ನೋಡಿದ್ನಿ. ನೀ ಮನಿಗೆ ಹೋಗ್ತೀಯಲ್ಲ ಅಂತ ಒರಿಸಿದ್ನಿ."

ಹೊಳೆವ್ವನ ಸಿಟ್ಟು ಎತ್ತ ಹೋಯಿತೋ. ದಣಿವನ್ನು ಮುಖದ ಮೇಲೆ ಕಾಣಗೊಟ್ಟಿಲ್ಲವೆಂದು ಅವಳು ತಿಳಿದಿದ್ದಳು. ಮುದುಕ ಮಲಗಿದಲ್ಲಿಂದಲೇ ಎಲ್ಲ ನೋಡುತ್ತಿದ್ದ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಕರೆಂಟಿನ ಕೋಣೆಯಲ್ಲಿ ಡಾಕ್ಟರು ಕೊರಳು ನೋಡಿ, ಇದನ್ನು ಯಾರು ಒರೆಸಿದರೆಂದು ಕೇಳಿದರು. ಜಕ್ಕಪ್ಪ ತಲೆ ತಗ್ಗಿಸಿದ.

"ನಾನ್ರೀ ಸಾಹೇಬ್ರ," ಎಂದಳು ಹೊಳೆವ್ವ. "ಮೈ ಒರಸುವಾಗ ತಿಳೀಲಿಲ್ಲರಿ."

ಡಾಕ್ಟರು ಕನ್ನಡ, ಮರಾಠಿ ಎರಡರಲ್ಲೂ ಬೈದರು. ಅವಳು ಎಲ್ಲ ನುಂಗಿಕೊಂಡಳು. ಚರ್ಮ ಮಾಯುವತನಕ ಕರೆಂಟಿಲ್ಲ, ಆಮೇಲೆ ಹೊಸದಾಗಿ ಗೆರೆ ಎಳೆದು ಉಳಿದದ್ದು ಕೊಡಬೇಕು, ಎಲ್ಲ ಸೇರಿ ಇನ್ನೂ ಎರಡು ಮೂರು ವಾರ ಹಿಡಿಯುತ್ತದೆ, ಊರಿಗೆ ಹೋಗಿ ಬರುತ್ತೀರಾ ಎಂದು ಕೇಳಿದರು. ಹಾಗೆ ಹೋದವರು ಮರಳಿ ಬರುವುದು ಅಪರೂಪವೆಂದು ಅವರಿಗೂ ಗೊತ್ತಿತ್ತು, ಹೊಳೆವ್ವನಿಗೂ ಗೊತ್ತಿತ್ತು.

"ಇಲ್ಲೇ ಇರ್ತೀವ್ರಿ," ಎಂದಳು.

ವಾರ್ಡಿಗೆ ಬಂದ ಮೇಲೆ ಜಕ್ಕಪ್ಪ ಮಂಚದ ಅಂಚಿಗೆ ಸರಿದು, ಮಗಳ ಮುಖ ನೋಡಲಾರದೆ ಗೋಡೆ ನೋಡುತ್ತ ಕೂತ.

"ದಣದೇನಿ ಯಪ್ಪಾ, ಸುಳ್ಳ ಯಾಕ ಹೇಳ್ಲಿ," ಎಂದಳು. "ಆದ್ರ ನಿನ್ನ ಕಳಕೊಂಡ ಮನ್ಯಾಗ ಮಲಗಿದ್ರ ನನಗ ನಿದ್ದಿ ಬರೂದಿಲ್ಲ."

ಅವನು ತನ್ನ ತಲೆದಿಂಬು ಕೊಡವಿ, ತೆರವಾದ ಜಾಗದಲ್ಲಿಟ್ಟು ಮೆಲ್ಲಗೆ ತಟ್ಟಿದ. ಹಾಡಹಗಲಲ್ಲಿ, ವಾರ್ಡಿನವರೆಲ್ಲ ನೋಡುತ್ತಿರುವಾಗಲೇ ಹೊಳೆವ್ವ ರೋಗಿಯ ಮಂಚ ಹತ್ತಿ ಕಾಲು ಚಾಚಿದಳು. ಸಿಸ್ಟರು ಬಂದು ಗದರಿದರೂ ಅವಳಿಗೆ ಎಚ್ಚರವಾಗಲಿಲ್ಲ.